ಒತ್ತಿ ನೋಡಬೇಡಿ

ಟೊಮೆಟೊ ಒತ್ತಿ ನೋಡುವುದು ಅಪರಾಧವೆಂದು ಯಾವ ಕಾನೂನಿನಲ್ಲಿದೆ, ನೀವೇ ಹೇಳಿ! ಇಡೀ ದಿನ ಟಯರು ಒತ್ತಿ ಒತ್ತಿ ಗಾಳಿ ನೋಡುವ ಹೆಬ್ಬೆರಳು ಸೈಕಲ್ ಶಾಪಿನವನದು. ಎದುರಿಗೆ ದುಂಡಗಿರುವುದು ಏನು ಕಂಡರೂ ಅದು ತಾನಾಗಿಯೇ ಹೋಗಿ ಒತ್ತಿಬಿಡುತ್ತಿತ್ತು. ಅದರಲ್ಲಿ ಅವನ ತಪ್ಪೇನು? ಆದರೆ ಬೀದಿ ಕೊನೆಯ ತರಕಾರಿ ಅಂಗಡಿಯವನು ಅಷ್ಟು ಗಿರಾಕಿಗಳ ಎದುರಿಗೇ ಅವನ ಕೈ ಹಿಡಿದು ಗದರಿಬಿಟ್ಟ.

"ಒತ್ತಬೇಡಿ ಅಂತ ಎಷ್ಟು ಸಲ ಹೇಳೋದು? ಒತ್ತೋ ಹುಚ್ಚಿದ್ರೆ ನೀವೇ ಬೆಳ್ಕೊಂಡು ಒತ್ಕೊಳ್ಳಿ!"

"ಬೆಳ್ಕೋತೀನಿ! ನಿನ್ನ ಅಂಗಡಿ ಮೆಟ್ಟಿಲು ಇನ್ನು ತುಳಿಯಲ್ಲ. ನೀನೂ ನಿನ್ನ ಡಕೋಟ ಸೈಕಲ್ ತಳ್ಕೊಂಡು ನನ್ನ ಹತ್ರ ಬರಬೇಡ. ಗಾಳಿ ಬೇಕಾದ್ರೆ ನೀನೇ ಹೊಡ್ಕೊ!"

ಅಂದಿನಿಂದ ಅವನು ಸ್ವಾವಲಂಬಿಯಾದ. ತಾರಸಿಯ ಮೇಲೆ ಒಡೆದ ಬಕೆಟ್ಟು, ಡಬ್ಬ, ಸವೆದ ಟಯರು, ಎಲ್ಲದರಲ್ಲೂ ಮಣ್ಣು ತುಂಬಿ ಬೀಜ ಹಾಕಿದ. ಹೋಟೆಲಿನ ಚಹಾ, ತಿಂಡಿ ಬಂದ್ ಮಾಡಿ ಅಡುಗೆಮನೆಗೆ ನುಗ್ಗಿದ. ಗಿಡ ಫಲ ಕೊಡುವವರೆಗೆ ಹೆಂಡತಿ ಪಾಪ ದೂರದ ಮಾರುಕಟ್ಟೆಗೆ ನಡೆದು ತರಕಾರಿ ಹೊತ್ತು ತರಬೇಕಾಯಿತು. ಅವನಂತೂ ಬೀದಿಯ ಆ ಕೊನೆಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅದೃಷ್ಟಕ್ಕೆ ಈಚೆಗೆ ಶಾಪಿಗೆ ಬರುವವರೂ ಕಡಿಮೆಯಾಗಿದ್ದರು. ಜನ ಸೈಕಲನ್ನು ಜೋಪಾನ ಮಾಡಲು ಕಲಿತಿದ್ದಾರೆಂದು ಸಂತೋಷಪಟ್ಟು, ಆ ಬಿಡುವನ್ನೆಲ್ಲ ಗಿಡಗಳಿಗೇ ಸುರಿದಿದ್ದ.

ಆ ಭಾನುವಾರ ಬೆಳಿಗ್ಗೆ ತಾರಸಿಯ ಒಂದು ಗಿಡದಲ್ಲಿ ಐದು ಟೊಮೆಟೊ ಕೆಂಪಗೆ ತೂಗುತ್ತಿದ್ದವು. ಉಳಿದ ಡಬ್ಬಗಳಲ್ಲಿ ಬರೀ ಎಲೆ.

"ರೀ, ಮಧ್ಯಾಹ್ನ ನಮ್ಮಮ್ಮ ಊಟಕ್ಕೆ ಬರ್ತಾರೆ. ನಿಮ್ಮ ಗಿಡದ ಹಣ್ಣಲ್ಲೇ ಸೂಪು ಮಾಡಿ ಬಡಿಸಿ. ಅದೂ ಆಗಲಿಲ್ಲ ಅಂದ್ರೆ ಇವತ್ತಿಂದ ಚೀಲ ಹಿಡ್ಕೊಂಡು ಆ ಅಂಗಡಿಗೆ ನೀವೇ ಹೋಗ್ಬೇಕು. ನನ್ನ ಮಂಡಿ ಚಿಪ್ಪು ಸವೆದುಹೋಯ್ತು," ಎಂದಳು ಹೆಂಡತಿ.

"ನಾನು? ಆ ಅಂಗಡಿಗೆ? ನನ್ನ ಮಾನ ಏನಾಗ್ಬೇಕು!" ಎಂದು ಗುಡುಗಿ ಅವನು ತಾರಸಿಗೆ ಓಡಿದ.

ಅಲ್ಲಿ ಆಗಲೇ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಎರಡೂ ಕೈಗೆ ಒಂದೊಂದು ಹಣ್ಣು ಕಿತ್ತುಕೊಂಡು ನಿಂತಿದ್ದರು.

"ಮೇಷ್ಟ್ರೇ! ಕೇಳದೆ ಕಿತ್ರಾ?"

"ಪರೀಕ್ಷೆ ಮಾಡ್ದೆ ಪಾಸು ಮಾಡೋಕಾಗುತ್ತೇನಯ್ಯ? ಗೊಬ್ಬರದ ವಿಷಯದಲ್ಲಿ ನೀನು ಮಾಡಿದ ತಪ್ಪು ಒಂದಾ, ಎರಡಾ?" ಎಂದ ಮೇಷ್ಟ್ರು, ಒಂದು ಎನ್ನುವಾಗ ಎಡಗೈ, ಎರಡು ಎನ್ನುವಾಗ ಬಲಗೈ ಬಿಗಿಯಾಗಿ ಮುಷ್ಟಿ ಹಿಡಿದರು. ಎರಡು ಹಣ್ಣೂ ರಸವಾಗಿ ಅವರ ಮೊಣಕೈವರೆಗೆ ಇಳಿದವು.

"ಅಯ್ಯೋ, ನಿಮ್ಮ ಸೈಕಲ್ಲಿಗೆ ಇನ್ನು ಪಂಕ್ಚರ್ ಹಾಕಲ್ಲ ನೋಡಿ!"

"ಬೇಡ ಬಿಡು, ಅದೀಗ ಚೆನ್ನಾಗೇ ಓಡ್ತಿದೆ," ಎಂದ ಮೇಷ್ಟ್ರು ಯಾಕೋ ಕೆಮ್ಮುತ್ತಾ ಮೆಟ್ಟಿಲಿಳಿದರು.

ಅಷ್ಟರಲ್ಲಿ ಗಲಾಟೆ ಕೇಳಿ ಕೆಳಗಿನ ಮನೆಯ ಟೈಲರಮ್ಮ ಅಳತೆ ಟೇಪು ಕತ್ತಿಗೆ ಹಾಕಿಕೊಂಡೇ ಬಂದರು. "ಗಿಡ ಹೀಗೆ ಜೋಲು ಬಿದ್ರೆ ಹಣ್ಣು ಉಳಿಯುತ್ತಾ? ಸೊಂಟದ ಹತ್ರ ಸ್ವಲ್ಪ ಬಿಗಿ ಮಾಡ್ಬೇಕು," ಎಂದು ಅವನು ಬಾಯಿ ತೆರೆಯುವ ಮೊದಲೇ ಬಟ್ಟೆಯ ಪಟ್ಟಿಯಿಂದ ಗಿಡವನ್ನು ಕೋಲಿಗೆ ಬಿಗಿದರು. ಲಟಕ್ಕೆಂದು ಸದ್ದಾಯಿತು. ಗಿಡ ಎರಡಾಯಿತು, ಹಣ್ಣುಗಳು ಉರುಳಿದವು. ಏನಾಯಿತೆಂದು ನೋಡಲು ಟೈಲರಮ್ಮ ಒಂದು ಹೆಜ್ಜೆ ಹಿಂದಿಟ್ಟರು, ಸರಿಯಾಗಿ ಎರಡು ಹಣ್ಣಿನ ಮೇಲೆ.

"ನೀವೂ ಕೆಳಗಿಳೀರಿ! ಯಾರೂ ಮುಟ್ಟಬೇಡಿ! ಮುಟ್ಟೋ ಆಸೆ ಇದ್ರೆ ನೀವೇ ಬೆಳ್ಕೊಳ್ಳಿ!" ಎಂದು ಅವನು ಕಿರುಚಿದ. ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಎಂದು ಅವನಿಗೇ ಅನ್ನಿಸಿತು. ಆದರೆ ಯೋಚಿಸಲು ಪುರುಸೊತ್ತೆಲ್ಲಿ?

ಉಳಿದ ಒಂದೇ ಹಣ್ಣನ್ನು ಎಳೆ ಮಗುವಿನ ಹಾಗೆ ಎತ್ತಿಕೊಂಡು ಅಡುಗೆಮನೆಗೆ ಬಂದ. ಒಂದಾದರೇನು, ನೀರು ಜಾಸ್ತಿ ಮಾಡಿದರೆ ಮೂವರಿಗೂ ಆಗುತ್ತದೆ. ಮಾನವಂತೂ ಉಳಿಯುತ್ತದೆ. ಒಲೆಯ ಪಕ್ಕ ಆಗಲೇ ಅತ್ತೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಅಳಿಯಂದಿರೇ, ಇದೇನಾ ನಿಮ್ಮ ಬೆಳೆ?" ಅತ್ತೆ ಕನ್ನಡಕ ಸರಿಮಾಡಿಕೊಂಡು ಹಣ್ಣಿಗೆ ಮೂಗು ತಾಗುವಷ್ಟು ಬಗ್ಗಿದರು. "ಸರಿಯಾಗಿ ಹಣ್ಣಾಗಿದೆಯಾ?"

ಕೇಳಬಾರದಿತ್ತು. ಅವನು ಉತ್ತರ ಹೇಳುವ ಮೊದಲೇ ಹೆಬ್ಬೆರಳು ಹೊರಟಿತ್ತು. ಲಾರಿ ಟಯರಿಗೆ ಕೊಡುವ ಒತ್ತನ್ನೇ ಕೊಟ್ಟಿತು. ಹಣ್ಣು ಪಟ್ಟೆಂದು ಸಿಡಿಯಿತು, ಅತ್ತೆಯ ಕನ್ನಡಕದ ಎರಡೂ ಗಾಜು ಕೆಂಪಾದವು.

"ಯಾರಾದ್ರೂ ದೀಪ ಹಾಕ್ರೇ!" ಎಂದರು ಅತ್ತೆ. ಹೆಂಡತಿ ಮೊಳೆಗೆ ತೂಗಿದ್ದ ಚೀಲ ತೆಗೆದು ಅವನ ಕೈಗಿಟ್ಟಳು.

ಹೋಗುವ ದಾರಿಯುದ್ದಕ್ಕೂ ಅವನು ಉರಿಯುತ್ತಲೇ ಇದ್ದ. ಆ ಅಂಗಡಿಯವನು ನಕ್ಕರೆ ಏನು ಹೇಳಬೇಕು, ನಗದಿದ್ದರೆ ಏನು ಹೇಳಬೇಕು, ಎರಡನ್ನೂ ಬಾಯಿಪಾಠ ಮಾಡಿಕೊಂಡ. ಆದರೆ ಅಂಗಡಿ ಕಂಡದ್ದೇ ಅವನ ಕಾಲು ನಿಂತಿತು. ಮುಂದೆ ಸೈಕಲ್ಲುಗಳ ಉದ್ದ ಸಾಲು. ಅದರಲ್ಲಿ ಮೇಷ್ಟ್ರದ್ದೂ ಇತ್ತು. ಟೊಮೆಟೊ ಬುಟ್ಟಿಯ ಮೇಲೆ ಒಂದು ರಟ್ಟು ತೂಗುತ್ತಿತ್ತು: "ಒಂದು ಕಿಲೋ ತರಕಾರಿಗೆ ಎರಡೂ ಚಕ್ರಕ್ಕೆ ಗಾಳಿ ಉಚಿತ."

ಅಂಗಡಿಯವನು ಹೊಚ್ಚ ಹೊಸ ಪಂಪು ಒತ್ತುತ್ತಾ ತಲೆಯೆತ್ತಿದ. "ಬನ್ನಿ ಸ್ವಾಮಿ, ಎಷ್ಟು ದಿನ ಆಯ್ತು! ನೀನೇ ಹೊಡ್ಕೊ ಅಂದ್ರಲ್ಲ, ರೋಷ ಬಂದು ಪಂಪ್ ತಂದೆ. ಪಂಕ್ಚರ್ ಹಾಕೋದೂ ಕಲಿತೆ. ನಿಮ್ಮಿಂದ ವ್ಯಾಪಾರ ಕುದುರಿತು ನೋಡಿ."

ಸೈಕಲ್ ಶಾಪಿನವನಿಗೆ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಇಷ್ಟು ದಿನ ಇಡೀ ಬೀದಿಗೆ ಗೊತ್ತಿದ್ದದ್ದು ತನಗೊಬ್ಬನಿಗೇ ಗೊತ್ತಿರಲಿಲ್ಲ! ಬಗ್ಗಿ, ಈ ಮನುಷ್ಯ ಎಂಥ ಗಾಳಿ ಹಾಕಿದ್ದಾನೆಂದು ಮೇಷ್ಟ್ರ ಸೈಕಲ್ಲಿನ ಟಯರಿನ ಮೇಲೆ ಹೆಬ್ಬೆರಳಿಟ್ಟ.

"ಒತ್ತಬೇಡಿ!" ಅಂಗಡಿಯವನು ಅವನ ಕೈ ಹಿಡಿದ. "ಗಿರಾಕಿಗಳ ಸಾಮಾನು. ಒತ್ತೋ ಹುಚ್ಚಿದ್ರೆ ನಿಮ್ಮ ಶಾಪಿಗೆ ಹೋಗಿ ಒತ್ಕೊಳ್ಳಿ."

ಅವನು ಚೀಲ ಚಾಚಿದ. "ಅರ್ಧ ಕಿಲೋ ಟೊಮೆಟೊ."

"ಅರ್ಧ ಕಿಲೋಗೆ ಒಂದೇ ಚಕ್ರ, ಸ್ವಾಮಿ," ಎಂದ ಅಂಗಡಿಯವನು.