ಕೆಂಪು ಪೆನ್ಸಿಲ್ ಉಳಿಸಿದ ಸಾಲು

ಬೆಳಗ್ಗೆ ಹತ್ತೂವರೆಗೆ ಫ್ಯಾನ್ ಕಂಪನಿಯ ದೂರು ವಿಭಾಗದಲ್ಲಿ ಒಂದು ಕುರ್ಚಿ ಖಾಲಿಯಾಯಿತು. ದೂರುಗಳು ಕಡಿಮೆಯಾಗಿವೆ, ಉತ್ತರ ಬರೆಯಲು ಮೂವರು ಸಾಕು ಎಂದು ಮ್ಯಾನೇಜರು ಮೇಷ್ಟ್ರನ್ನೇ ಕೆಲಸದಿಂದ ತೆಗೆದುಬಿಟ್ಟಿದ್ದರು. ಮೇಷ್ಟ್ರೆಂದರೆ ಶಾಲೆಯವರಲ್ಲ, ಅಲ್ಲಿನ ಹಿರಿಯ ಗುಮಾಸ್ತರು. ಅವರ ಕೆಂಪು ಪೆನ್ಸಿಲ್ ತಾಗದೆ ಒಂದು ಕಾಗದವೂ ಹೊರಗೆ ಹೋಗುತ್ತಿರಲಿಲ್ಲ. "ವಾಕ್ಯ ನಮ್ಮದು, ಅರ್ಥ ಮ್ಯಾನೇಜರದು" ಎನ್ನುವುದು ಅವರ ವಾಡಿಕೆ.

ಪಕ್ಕದ ಮೇಜಿನವನಂತೂ ಕಂಗಾಲಾದ. ಆಫೀಸಿಗೆಲ್ಲ ಅವನು 'ಶಿಷ್ಯ'. ಮೇಷ್ಟ್ರು ಉಳಿಸಿದ್ದನ್ನು ಕಣ್ಣುಮುಚ್ಚಿ ನಕಲು ಮಾಡುತ್ತ ಹನ್ನೊಂದು ವರ್ಷ ಕಳೆದಿದ್ದ. ಅತ್ತೆಗೆ ಬರೆದ ಕಾಗದವನ್ನೂ ತಿದ್ದಿಸಿಕೊಂಡಿದ್ದ. ಅದರಲ್ಲಿ 'ಬೇಗ ಬನ್ನಿ' ಎಂಬುದನ್ನು ಅವರು ಹೊಡೆದುಹಾಕಿದ್ದಕ್ಕೆ ಇವತ್ತಿಗೂ ಕೃತಜ್ಞ. "ಕೆಂಪು ಗೆರೆ ಬೀಳದ ಒಂದು ಕಾಗದ ಬರಿ, ಸಾಕು, ಅದಕ್ಕೆ ಫ್ರೇಮ್ ಹಾಕಿಸ್ತೀನಿ" ಎಂದು ಮೇಷ್ಟ್ರು ಮಾತು ಕೊಟ್ಟಿದ್ದರು. ಆ ಭಾಗ್ಯ ಇನ್ನೂ ಬಂದಿರಲಿಲ್ಲ.

"ಹೀಗೆ ತಲೆ ಮೇಲೆ ಕೈ ಹೊತ್ತು ಕೂತ್ರೆ ಆಗುತ್ತಾ? ಮ್ಯಾನೇಜರ್‌ಗೆ ಒಂದು ಕಾಗದ ಕೊಡಪ್ಪ" ಎಂದರು ಟೈಪಿಸ್ಟ್ ಅಕ್ಕ.

"ಸ್ವಲ್ಪ ಬೆದರಿಕೇನೂ ಇರ್ಲಿ. ನಿನ್ನ ಹಿಂದೆ ನಾವಿದೀವಿ" ಎಂದು ಫೈಲಿನ ಗುಮಾಸ್ತ ಕಪಾಟಿನ ಹಿಂದೆ ಸರಿದ.

ಶಿಷ್ಯ ಎರಡು ಪುಟ ಮೇಷ್ಟ್ರ ಗುಣಗಾನ ಬರೆದ. ಕೊನೆಗೆ, 'ಅವರನ್ನು ವಾಪಸು ಕರೆಸಿಕೊಳ್ಳದಿದ್ದರೆ ನಾನು ಇಂದೇ ಕೆಲಸ ಬಿಡುತ್ತೇನೆ' ಎಂದು ಸೇರಿಸಿದ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ಕರೆಯದಿದ್ದರೂ ಬಂದಿದ್ದ ಅತ್ತೆ.

ಆದರೆ ತಿದ್ದಿಸದ ಕಾಗದ ಕೊಡುವುದು ಹೇಗೆ? ಊಟದ ಬಿಡುವಿನಲ್ಲಿ ಮೇಷ್ಟ್ರ ಮನೆಗೆ ಓಡಿದ. ಅವರು ಬೇಜಾರಿಗೆ ದಿನಪತ್ರಿಕೆ ತಿದ್ದುತ್ತಿದ್ದರು. ಕಾಗದ ಕಂಡದ್ದೇ ಮುಖ ಅರಳಿತು.

"ಬರೀ ನನ್ನ ಹೊಗಳಿಕೆ! ನಾಚಿಕೆ ಆಗುತ್ತೆ ಕಣೋ. ಒಂದು ಕಾಗದಕ್ಕೆ ಒಂದೇ ವಿಷಯ ಅಂತ ಎಷ್ಟು ಸಲ ಹೇಳಿದೀನಿ?"

ತಮ್ಮ ವಿಷಯ ಬಂದಲ್ಲೆಲ್ಲ ಪೆನ್ಸಿಲ್ ಸರಸರ ಓಡಿಸಿದರು. ಶಿಷ್ಯನಿಗೆ ಕಣ್ಣು ತುಂಬಿ ಬಂತು. ಆಫೀಸಿಗೆ ಮರಳಿ, ಉಳಿದದ್ದನ್ನು ಎಂದಿನಂತೆ ನಕಲು ಮಾಡಿ ಕೊಟ್ಟ.

ಮ್ಯಾನೇಜರು ಗಟ್ಟಿಯಾಗಿ ಓದಿದರು: "'ಮಾನ್ಯರೇ, ನಾನು ಇಂದೇ ಕೆಲಸ ಬಿಡುತ್ತೇನೆ.' ಅಬ್ಬಾ, ಎಷ್ಟು ಸ್ಪಷ್ಟವಾಗಿದೆ! ಒಪ್ಪಿದೀನಿ."

ಶಿಷ್ಯ ಕಾಗದಕ್ಕೆ ಕೈ ಚಾಚಿದ. "ಸಾರ್, ಮೇಷ್ಟ್ರ ವಿಷಯ..."

"ಒಳ್ಳೇದು ನೆನಪಿಸಿದ್ರಿ. ಈಗ ನಿಮ್ಮ ಕುರ್ಚಿ ಖಾಲಿ ಆಯ್ತಲ್ಲ, ಅವರನ್ನೇ ಕರೆಸ್ತೀನಿ."

ನಾಲ್ಕೂವರೆಗೆ ಮೇಷ್ಟ್ರು ಬಂದು ಶಿಷ್ಯನ ಕುರ್ಚಿಯಲ್ಲಿ ಕೂತರು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಿಷ್ಯನೂ ತಟ್ಟಿದ, ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು, ಅರ್ಧ ನಿಮಿಷ. ಆಮೇಲೆ ಮ್ಯಾನೇಜರ ಬಳಿ ಓಡಿದ.

"ರಾಜೀನಾಮೆ ವಾಪಸ್ ಬೇಕಾ? ಐದು ಗಂಟೆಯೊಳಗೆ ಬರೆದುಕೊಡಿ. ಮೇಷ್ಟ್ರು ನೋಡಿರಬೇಕು, ಅಷ್ಟೆ" ಎಂದರು ಮ್ಯಾನೇಜರು.

ಈ ಸಲ ಶಿಷ್ಯ ಎಡವಲಿಲ್ಲ. ಒಂದೇ ವಿಷಯ, ಒಂದೇ ಸಾಲು: 'ನನ್ನ ರಾಜೀನಾಮೆಯನ್ನು ರದ್ದುಮಾಡಿ.'

ಮೇಷ್ಟ್ರು ಓದಿದರು. ಮತ್ತೊಮ್ಮೆ ಓದಿದರು. ಪೆನ್ಸಿಲ್ ಕೆಳಗಿಟ್ಟು ಎದ್ದುನಿಂತರು.

"ಒಂದು ತಪ್ಪೂ ಇಲ್ಲವಲ್ಲೋ! ಹನ್ನೊಂದು ವರ್ಷಕ್ಕೆ ಗೆದ್ದುಬಿಟ್ಟೆ!"

ಅವನ ಬೆನ್ನು ತಟ್ಟಿ, ಕಾಗದವನ್ನು ಮಡಿಕೆ ಬೀಳದ ಹಾಗೆ ಎದೆಗೆ ಹಿಡಿದು, ಫ್ರೇಮ್ ಅಂಗಡಿ ಮುಚ್ಚುವುದರೊಳಗೆ ಮುಟ್ಟಬೇಕೆಂದು ಮೇಷ್ಟ್ರು ಮೆಟ್ಟಿಲಿಳಿದು ಹೋದರು. ಗೋಡೆಯ ಗಡಿಯಾರ ಐದು ಹೊಡೆಯಿತು.