ನೂರಹತ್ತು ವೋಲ್ಟಿನ ಅಕ್ಕ

ಯಾವುದನ್ನೂ ಸುಲಭವಾಗಿ ನಂಬುವ ಅಭ್ಯಾಸ ನನಗಿಲ್ಲ. ಇದು ಹುಟ್ಟುಗುಣವಲ್ಲ, ವಿಶ್ವವಿದ್ಯಾಲಯದಲ್ಲಿ ಫೀಸು ಕಟ್ಟಿ ಕಲಿತದ್ದು. ಹಾಲಿನವನು ಹಾಲು ಗಟ್ಟಿ ಎಂದರೆ ನಂಬುವುದಿಲ್ಲ, ಕಂಡಕ್ಟರು ಬಸ್ಸು ಈಗಲೇ ಹೊರಡುತ್ತದೆ ಎಂದರೆ ನಂಬುವುದಿಲ್ಲ. ಅಷ್ಟಕ್ಕೇ ನಿಂತಿದ್ದರೆ ಸುಖವಾಗಿರುತ್ತಿದ್ದೆ. ವಯಸ್ಸಾಗುತ್ತ ನನ್ನ ನೆನಪನ್ನೇ ನಂಬದ ಸ್ಥಿತಿಗೆ ಬಂದಿದ್ದೇನೆ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಕೋಲಾರದ ಬಸ್ ಸ್ಟ್ಯಾಂಡಿನಿಂದ ಹಿಂದಿರುಗಿ, ಬೀಗ ಅಲ್ಲಾಡಿಸಿ ನೋಡಿ, ಮತ್ತೆ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ, ಅಲ್ಲಾಡಿಸಿದ್ದು ಇವತ್ತೋ ನಿನ್ನೆಯೋ ಎಂಬ ಅನುಮಾನ ಶುರುವಾಗಿರುತ್ತದೆ.

ಬೀಗದ ವಿಷಯ ಹಾಗಿರಲಿ. ಹೋದ ವರ್ಷ ಒಂದು ಬೆಳಗ್ಗೆ ಹಲ್ಲುಜ್ಜುತ್ತಿದ್ದಾಗ, ಅಕ್ಕನ ದನಿ ನನಗೆ ಮರೆತುಹೋಗಿದೆ ಎಂಬುದು ಗೊತ್ತಾಯಿತು. ಅಕ್ಕ ತೀರಿಕೊಂಡು ಕೆಲವು ವರ್ಷಗಳಾದವು. ಅಮ್ಮ ಬೇಗ ಹೋದದ್ದರಿಂದ ನನ್ನನ್ನೂ ತಂಗಿ ಮಂಜುಳಳನ್ನೂ ಸಾಕಿ ಬೆಳೆಸಿದವಳು ಅವಳೇ. ಅವಳ ಮುಖ ಗೋಡೆಯ ಮೇಲಿದೆ. ಅವಳ ಬೈಗುಳಗಳು ಒಂದಕ್ಷರ ಬಿಡದೆ ನೆನಪಿವೆ. ಆದರೆ ಅವೆಲ್ಲ ಈಗ ನನ್ನ ದನಿಯಲ್ಲೇ ಕೇಳಿಸುತ್ತವೆ. ಬೈಯುವವನೂ ನಾನೇ, ಬೈಸಿಕೊಳ್ಳುವವನೂ ನಾನೇ ಆದರೆ ಅದರಲ್ಲಿ ಏನು ರುಚಿ?

ಆಗ ನೆನಪಾದದ್ದು ಅಟ್ಟದ ಮೇಲಿದ್ದ ಟೇಪ್ ರೆಕಾರ್ಡರ್. ಅಕ್ಕ ಇಪ್ಪತ್ತಮೂರರ ವಯಸ್ಸಿನಲ್ಲಿ, ನಮ್ಮಿಬ್ಬರನ್ನು ಅಪ್ಪನ ಬಳಿ ಬಿಟ್ಟು, ನರ್ಸ್ ಆಗಿ ಸೌದಿಗೆ ಹೋಗಿದ್ದಳು. ವಾಪಸು ಬರುವಾಗ ಎರಡು ಕಂಬಳಿ, ಒಂದು ಡಬ್ಬಿ ಖರ್ಜೂರ, ಮತ್ತು ಈ ಯಂತ್ರ ತಂದಳು. ದೊಡ್ಡ ದೊಡ್ಡ ಸ್ಪೂಲು ಸುತ್ತುವ ಜಾತಿಯದು. ಅಲ್ಲಿ ಒಬ್ಬಳೇ ಕೂತು ಅದರಲ್ಲಿ ಮಾತಾಡುತ್ತಿದ್ದೆ ಎಂದು ಹೇಳಿಕೊಂಡು ನಗುತ್ತಿದ್ದಳು. ಆ ಊರಿನ ಕರೆಂಟು ನೂರಹತ್ತು ವೋಲ್ಟು, ನಮ್ಮದು ಇನ್ನೂರಮೂವತ್ತು. ಇಲ್ಲಿಯ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿದರೆ ಒಂದೇ ಕ್ಷಣಕ್ಕೆ ಸುಟ್ಟ ರೊಟ್ಟಿಯ ವಾಸನೆ. ಹಾಗಾಗಿ ಹಳೆಯ ಸೀರೆಯಲ್ಲಿ ಸುತ್ತಿಸಿಕೊಂಡು ಅದು ಅಟ್ಟ ಸೇರಿತ್ತು. ಆ ಸ್ಪೂಲನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ.

ಶ್ರೀನಿವಾಸಪುರದ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ, ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು ಎಂದೆ. ಅಂಗಡಿಯವನು ಕೈಯಲ್ಲಿದ್ದ ತಾಮ್ರದ ತಂತಿಯನ್ನು ಕೆಳಗಿಟ್ಟ.

"ಏರ್ಸೋದು ಅಲ್ವಾ ಸಾರ್?"

"ಅಲ್ಲ, ಇಳಿಸೋದು."

"ಸಾರ್, ಮಾವಿನ ತೋಟದೋರು, ಟೊಮೇಟೊದೋರು, ಎಲ್ಲರೂ ಏರ್ಸೋದಕ್ಕೇ ಬರೋದು. ಅಂಗಡಿ ಇಟ್ಟಾಗಿಂದ ಕರೆಂಟು ಕಮ್ಮಿ ಮಾಡ್ಕೊಡಿ ಅಂತ ಬಂದೋರು ನೀವೇ. ಮನೇಲಿ ಎಲ್ಲಾ ಚೆನ್ನಾಗಿದಾರಾ?"

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಎಂದು ಭರವಸೆ ಕೊಟ್ಟ ಮೇಲೆ ತಂತಿ ಸುತ್ತಿ ಒಂದನ್ನು ಮಾಡಿಕೊಟ್ಟ. ಆದರೂ ಅವನಿಗೆ ಮನಸ್ಸು ಒಪ್ಪಿರಲಿಲ್ಲವೇನೋ. ನಾನು ಮನೆಗೆ ಬಂದು ಮೊದಲು ಮೀಟರ್ ಹಚ್ಚಿ ನೋಡಿದರೆ ಮುಳ್ಳು ನಾನೂರರ ಆಚೆ ಹೋಗಿ ಕೂತಿತು. ಗಿರಾಕಿಯ ಬಾಯಿ ತಪ್ಪಿರಬೇಕೆಂದು ಒಳಗಿನ ತಂತಿಗಳನ್ನು ಅದಲುಬದಲು ಮಾಡಿ, ನಮ್ಮ ಕಡೆಯ ಪದ್ಧತಿಯಂತೆ ಏರಿಸುವುದನ್ನೇ ಕೊಟ್ಟಿದ್ದ! ನಾನು ಯಾರನ್ನೂ ನಂಬದ ಮನುಷ್ಯನಾದ್ದರಿಂದ ಅಕ್ಕನ ದನಿ ಉಳಿಯಿತು. ಇಡೀ ಜೀವಮಾನದಲ್ಲಿ ನನ್ನ ಸಂಶಯ ಉಪಯೋಗಕ್ಕೆ ಬಂದದ್ದು ಆ ಒಂದೇ ಸಲ. ಮತ್ತೆ ಹೋಗಿ ತಂತಿ ಸರಿಮಾಡಿಸಿದೆ.

ಅಷ್ಟರಲ್ಲಿ ಮಂಜುಳಾ ಫೋನು ಮಾಡಿ ಆಜ್ಞೆ ಹೊರಡಿಸಿದಳು. "ಒಬ್ನೇ ಕೇಳ್ಬಿಟ್ಟೀಯ ಮತ್ತೆ. ಇಲ್ಲಿಗೆ ತಗೊಂಬಾ. ಹುಳ ನಾಲ್ಕನೇ ಜ್ವರ ಎದ್ದೈತೆ ಅಣ್ಣ, ಸೊಪ್ಪು ಹಾಕೋದು ಬಿಟ್ಟು ನಾನೆಲ್ಲಿ ಬರ್ಲಿ?" ಅವಳಿರುವುದು ಬೈರಕೂರಿನ ಹತ್ತಿರ. ಜ್ವರವೆಂದರೆ ಹುಳ ಪೊರೆ ಬಿಡುವ ಮೊದಲಿನ ನಿದ್ದೆ, ಎದ್ದ ಮೇಲೆ ಅದರ ಹಸಿವಿಗೆ ಮಿತಿಯಿಲ್ಲ. ರೇಷ್ಮೆ ಹುಳಕ್ಕೆ ಸೊಪ್ಪು ಹಾಕುವ ಮನೆಯಲ್ಲಿ ಅಕ್ಕನಾದರೂ ಸರಿ, ಹುಳದ ಹಸಿವಿನ ನಂತರವೇ. ನಾನು ಯಂತ್ರವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮುಳಬಾಗಿಲಿನ ಬಸ್ಸು ಹತ್ತಿದೆ.

ಅಲ್ಲಿ ಹೊಸ ತೊಂದರೆ. ಅವಳಿಗೆ ಪುರುಸೊತ್ತಿದ್ದ ಮಧ್ಯಾಹ್ನದ ಹೊತ್ತಿಗೇ ಸುತ್ತಲಿನ ಬೋರ್‌ವೆಲ್ಲುಗಳೆಲ್ಲ ಓಡುತ್ತಿದ್ದವು. ಮೀಟರಿನಲ್ಲಿ ಬರೀ ನೂರೆಪ್ಪತ್ತು. ಅದನ್ನು ಇಳಿಸಿದರೆ ಯಂತ್ರಕ್ಕೆ ಸಿಗುವುದು ಎಂಬತ್ತರ ಆಸುಪಾಸು, ಮೋಟಾರು ನರಳುತ್ತದೆ. ಮಂಜುಳಳ ಗಂಡ ವೆಂಕಟೇಶಪ್ಪ ತನ್ನ ಟಿವಿಗೆ ಇಟ್ಟಿದ್ದ ಸ್ಟೆಪ್ ಅಪ್ ಟ್ರಾನ್ಸ್‌ಫಾರ್ಮರ್ ತಂದ. ಹೀಗೆ ಕರೆಂಟನ್ನು ಮೊದಲು ಒಂದರಲ್ಲಿ ಏರಿಸಿ, ಇನ್ನೊಂದರಲ್ಲಿ ಇಳಿಸಿ, ಯಂತ್ರಕ್ಕೆ ಉಣಿಸುವುದೆಂದಾಯಿತು. ಆದರೆ ಅಕ್ಕಪಕ್ಕದವರು ಪಂಪು ನಿಲ್ಲಿಸಿ ಲೈನು ಇದ್ದಕ್ಕಿದ್ದಂತೆ ಚೇತರಿಸಿಕೊಂಡರೆ, ಏರಿಸುವ ಪೆಟ್ಟಿಗೆ ವಿಪರೀತ ಏರಿಸಿ ಯಂತ್ರವನ್ನು ಸುಡುತ್ತದೆ. ಆದ್ದರಿಂದ ವೆಂಕಟೇಶಪ್ಪನನ್ನು ಮೀಟರಿನ ಮುಂದೆ ಕಾವಲಿಗೆ ಕೂರಿಸಿದೆ, ಒಂದು ಕೈ ಸ್ವಿಚ್ಚಿನ ಮೇಲೆ.

"ಭಾವ, ಹೆರಿಗೆ ವಾರ್ಡಿನ ಆಚೆ ಕೂತಂಗೈತೆ ನಂಗೆ" ಎಂದ.

ಸ್ಪೂಲು ತಿರುಗಿತು. ಸ್ವಲ್ಪ ಹೊತ್ತು ಗುಂಯ್ ಎಂಬ ಸದ್ದು. ಆಮೇಲೆ ಒಂದು ದಪ್ಪ, ನಿಧಾನದ ದನಿ, ನಮ್ಮ ಗಡಿಯ ತೆಲುಗು ಬೆರೆತ ಮಾತು ಬಂತು: "ಏಮಿರಾ ತಮ್ಮುಡು, ಊಟ ಆಯ್ತಾ? ಮಂಜಿ ಹಾಲು ಕುಡಿದ್ಲಾ? ಇಲ್ಲೂ ಮಾವಿನಹಣ್ಣು ಬತ್ತದೆ ಕಣೋ, ವಾಸನೇನೇ ಇಲ್ಲ."

ಮಂಜುಳಾ ಸೆರಗು ಬಾಯಿಗೆ ಹಿಡಿದಳು. "ಅಕ್ಕಾನೇ. ಅಚ್ಚು ಅಕ್ಕಾನೇ."

ನನಗೂ ಅಕ್ಕನೇ ಅನ್ನಿಸಿತು. ಆದರೆ ಎಂ.ಎಸ್ಸಿ. ಭೌತಶಾಸ್ತ್ರ ಸುಮ್ಮನಿರಲಿಲ್ಲ. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಬದಲಿಸುತ್ತದೆಯೇ ಹೊರತು ಕರೆಂಟಿನ ಬಡಿತವನ್ನಲ್ಲ. ಆ ದೇಶದಲ್ಲಿ ಅದು ಸೆಕೆಂಡಿಗೆ ಅರವತ್ತು ಸಲ ಬಡಿಯುತ್ತದೆ, ನಮ್ಮಲ್ಲಿ ಐವತ್ತು. ಈ ಮೋಟಾರು ಬಡಿತ ನೋಡಿಕೊಂಡು ಓಡುವಂಥದು. ಅಂದರೆ ಯಂತ್ರ ನಿಧಾನವಾಗಿ ಓಡುತ್ತಿದೆ, ದನಿ ಇರಬೇಕಾದ್ದಕ್ಕಿಂತ ದಪ್ಪವಾಗಿದೆ. "ಇದು ಅಕ್ಕನ ಸರಿಯಾದ ದನಿ ಅಲ್ಲ" ಎಂದೆ.

"ನಿನ್ ತಲೆ" ಎಂದಳು ಮಂಜುಳಾ.

ಎಲ್ಲವನ್ನೂ ಫೋನಿಗೆ ಇಳಿಸಿಕೊಂಡು, ಕೋಲಾರಕ್ಕೆ ಬಂದು, ಕಂಪ್ಯೂಟರಿನಲ್ಲಿ ವೇಗವನ್ನು ಲೆಕ್ಕಕ್ಕೆ ಸರಿಯಾಗಿ ಏರಿಸಿದೆ. ಮುಂದಿನ ಭಾನುವಾರ ಮತ್ತೆ ಬೈರಕೂರಿಗೆ ಹೋಗಿ, ಸೊಪ್ಪು ಕತ್ತರಿಸುತ್ತಿದ್ದ ಮಂಜುಳಳ ಪಕ್ಕ ಕೂತು ಕೇಳಿಸಿದೆ. ತೆಳ್ಳಗಿನ ದನಿ, ಸ್ವಲ್ಪ ಅವಸರ, ಮಾತಿನ ಕೊನೆಯಲ್ಲಿ ಎಲ್ಲೋ ಅಳು ತಡೆದುಕೊಂಡಂತೆ. ಮಂಜುಳಾ ಕತ್ತಿ ಕೆಳಗಿಟ್ಟಳು.

"ಯಾರಣ್ಣ ಇದು? ಯಾವ್ದೋ ಹುಡುಗಿ."

"ಅಕ್ಕ" ಎಂದೆ. "ಆಗ ಅವಳಿಗೆ ಇಪ್ಪತ್ತಮೂರು."

ನಮಗೆ ಗೊತ್ತಿದ್ದ ದನಿ ಅರವತ್ತರ ಅಕ್ಕನದು. ನಮಗೆ ಬೈದೂ ಬೈದೂ ದಪ್ಪವಾದದ್ದು. ಯಂತ್ರ ತಪ್ಪಾಗಿ ಓಡಿ, ಆ ಹುಡುಗಿಯ ದನಿಗೆ ಅಷ್ಟು ವಯಸ್ಸು ಕೂಡಿಸಿಕೊಟ್ಟಿತ್ತು. ಅವಳು ಸೌದಿಗೆ ಹೊರಟಾಗ ನನಗೆ ಹತ್ತು ವರ್ಷ. ಆ ತೆಳ್ಳಗಿನ ದನಿಯಲ್ಲೇ ನನ್ನನ್ನು ಶಾಲೆಗೆ ಎಬ್ಬಿಸಿದ್ದಿರಬೇಕು. ಒಂದು ಮಾತೂ ಗುರುತು ಸಿಗಲಿಲ್ಲ.

"ಹಂಗಾದ್ರೆ ತಪ್ಪಾಗಿರೋದನ್ನೇ ನನ್ ಫೋನಿಗೆ ಕಳ್ಸು" ಎಂದಳು ಮಂಜುಳಾ.

ಕಳಿಸಿದೆ. ಜೊತೆಗೆ, ಇದು ವೈಜ್ಞಾನಿಕವಾಗಿ ಸರಿಯಲ್ಲ ಎಂದು ಒಂದು ಉದ್ದನೆಯ ಟಿಪ್ಪಣಿಯನ್ನೂ ಕಳಿಸಿದೆ. ಅದಕ್ಕೆ ಅವಳು ಹೆಬ್ಬೆರಳೆತ್ತಿದ ಚಿತ್ರವೊಂದನ್ನು ಕಳಿಸಿದಳು. ಸರಿಯಾದದ್ದೂ ನನ್ನ ಫೋನಿನಲ್ಲಿದೆ. ಪರದೇಶದ ಕೋಣೆಯಲ್ಲಿ ಒಬ್ಬಳೇ ಕೂತು, ಉತ್ತರ ಕೊಡದ ಯಂತ್ರವನ್ನು ಊಟ ಆಯ್ತಾ ಎಂದು ಕೇಳುತ್ತಿದ್ದ ಆ ಹುಡುಗಿಯ ಎದುರು ಇನ್ನೊಮ್ಮೆ ಕೂರಲು ನನಗೆ ಧೈರ್ಯ ಬಂದಿಲ್ಲ. ತಪ್ಪಾದದ್ದನ್ನು ಮಾತ್ರ ದಿನವೂ ಸಂಜೆ ಹಾಕಿಕೊಂಡು ಕೂರುತ್ತೇನೆ. ಯಾರಾದರೂ ಏನು ಸಾರ್ ಇದು ಎಂದು ಕೇಳಿದರೆ, ಮೋಟಾರಿನ ವೇಗ ಪರೀಕ್ಷೆ ಮಾಡುತ್ತಿದ್ದೇನೆ ಎನ್ನುತ್ತೇನೆ. ಪಾಪ, ನಂಬುತ್ತಾರೆ.