ಎಚ್‌ಡಿ ಅಂದರೆ ಹಲ್ಲು-ದವಡಿ

ನಮ್ಮ ಸೋದರಮಾವ ಬೆಳಗಿನಿಂದ ಸಂಜೆಯವರೆಗೆ ಪರಸ್ತ್ರೀಯರ ತುಟಿ ನೋಡುತ್ತ ಕೂರುತ್ತಾರೆ. ಪರಪುರುಷರ ತುಟಿಯನ್ನೂ ಬಿಡುವುದಿಲ್ಲ! ಸೋಜಿಗವೆಂದರೆ, ಪಕ್ಕದಲ್ಲೇ ಕುಳಿತ ಮಾಮಿ ಸಿಟ್ಟಾಗುವುದು ಬಿಟ್ಟು, "ನಿನ್ನೆ ಬಂದಾಕಿಗಿಂತ ಈಕಿ ತುಟಿ ಚೊಲೋ ಅವ ನೋಡ್ರಿ" ಎಂದು ಒತ್ತಾಸೆ ಕೊಡುತ್ತಾರೆ. ಎಪ್ಪತ್ತು ದಾಟಿದವರು, ಹಣೆ ತುಂಬ ವಿಭೂತಿ ಹಚ್ಚುವವರು, ಇದೇನು ಬುದ್ಧಿ ಎಂದು ನೀವು ಮೂಗಿನ ಮೇಲೆ ಬೆರಳಿಡುವ ಮೊದಲು ಹೇಳಿಬಿಡುತ್ತೇನೆ. ಆ ತುಟಿಗಳೆಲ್ಲ ಟಿವಿಯೊಳಗಿನವು.

ಮಾಮಾ ಬೀದರ್ ಕಡೆಯವರು. ಛತ್ರಪತಿ ಸಂಭಾಜಿನಗರದಲ್ಲಿ ನಲವತ್ತು ವರ್ಷ ಬಟ್ಟೆ ಅಂಗಡಿ ನಡೆಸಿ, ಈಗ ಅದನ್ನು ಮಗನಿಗೆ ಒಪ್ಪಿಸಿ ಮನೆಯಲ್ಲಿದ್ದಾರೆ. ಮನೆಯಲ್ಲಿ ಟಿವಿ ಒಂದೇ, ಅದಕ್ಕೆ ಡಬ್ಬಿಗಳು ಮಾತ್ರ ಮೂರು! ತಾರಸಿಯ ಮೇಲೆ ಎರಡು ಡಿಶ್‌ಗಳು ಮುನಿಸಿಕೊಂಡ ಬೀಗರಂತೆ ಒಂದೊಂದು ದಿಕ್ಕಿಗೆ ಮುಖ ಮಾಡಿ ನಿಂತಿವೆ. ಮೂರನೆಯದು ಗೋಡೆಯ ತೂತಿನಿಂದ ಒಳಬಂದ ಕೇಬಲ್. ಇಷ್ಟಕ್ಕೆಲ್ಲ ನಾಲ್ಕು ರಿಮೋಟ್. ಬಂದ ನೆಂಟರು ಸೋಫಾದಲ್ಲಿ ಕುಳಿತರೆ ಯಾವುದೋ ಒಂದು ಚಾನೆಲ್ ತಾನಾಗಿ ಬದಲಾಗುತ್ತದೆ.

ಇಷ್ಟೆಲ್ಲ ಯಾಕೆಂದರೆ, ಎರಡು ವರ್ಷದಿಂದ ಮಾಮಿಯ ಕಿವಿ ಮಂದವಾಗುತ್ತ ಬಂದು ಈಗ ಹೆಚ್ಚುಕಡಿಮೆ ಮುಚ್ಚಿಯೇ ಹೋಗಿದೆ. ಕಿವಿಯ ಮಶೀನು ತಂದರು. ಅದು ಹೊತ್ತಲ್ಲದ ಹೊತ್ತಿನಲ್ಲಿ 'ಕುಂಯ್' ಎನ್ನುತ್ತಿದ್ದುದರಿಂದ ಮಾಮಿ ಅದನ್ನು ಅಕ್ಕಿ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದರು. ಆಮೇಲೆ ತಾವಾಗಿಯೇ ತುಟಿ ಓದುವುದನ್ನು ಕಲಿತರು. ಆದರೆ ಓದಲು ಬರುವುದು ಕನ್ನಡದ ತುಟಿ ಮಾತ್ರ! ನೆರೆಹೊರೆಯೆಲ್ಲ ಮರಾಠಿ, ಸೊಸೆ ಮರಾಠಿ, ಮೊಮ್ಮಕ್ಕಳೋ ಕನ್ನಡದಲ್ಲಿ ಕೇಳಿಸಿಕೊಂಡು ಮರಾಠಿಯಲ್ಲಿ ಉತ್ತರ ಕೊಡುವವರು. ಹೀಗಾಗಿ ಮಾಮಿಯ ಜೊತೆ ದಿನವಿಡೀ ಕನ್ನಡ ಮಾತಾಡುವ ಬಾಯಿ ಎಂದರೆ ಟಿವಿಯದು. ಅದೂ ಮಸುಕಾದರೆ ಆ ಮಾತುಗಾತಿ ಮೂಗಿಯಂತೆ ಮೂಲೆ ಸೇರುತ್ತಾಳೆ ಎಂಬುದೇ ಮಾಮಾನ ಭಯ.

"ಎಚ್‌ಡಿ ಅಂದ್ರ ಏನ್ರಿ ಮಾಮಾ?" ಎಂದು ಒಮ್ಮೆ ಕೆಣಕಿದೆ.

"ಅಷ್ಟೂ ತಿಳೀದೇನು? ಹಲ್ಲು-ದವಡಿ! ಮಾತಾಡೋವಾಗ ಹಲ್ಲೂ ಕಾಣಬೇಕು, ದವಡೀನೂ ಕಾಣಬೇಕು. ಎರಡೂ ಕಂಡ್ರ ಎಚ್‌ಡಿ. ಬರೇ ಹಲ್ಲು ಕಂಡ್ರ ಸಾದಾ."

ಯಾವ ಕಂಪನಿಯ ಇಂಜಿನಿಯರ್ ಇಷ್ಟು ಸ್ಪಷ್ಟವಾಗಿ ಹೇಳಿಯಾನು?

ಜಗಳ ಶುರುವಾದದ್ದು ಮಳೆಯಿಂದ. ಮೊದಲನೆಯ ಡಿಶ್‌ನಲ್ಲಿ ವಾರ್ತೆ ಓದುವ ಹುಡುಗಿ "ನಾಳೆ ಎಲ್ಲೆಡೆ ಭಾರಿ ಮಳೆ" ಎಂದಳು. ಮಾಮಿ ಓದಿಕೊಂಡದ್ದು "ಭಾರಿ ಬಳೆ" ಎಂದು. ಮರುದಿನ ಬೆಳಿಗ್ಗೆ ಕೈಗೆ ಎಣ್ಣೆ ಹಚ್ಚಿಕೊಂಡು ಬಳೆಗಾರನ ದಾರಿ ಕಾಯುತ್ತ ಬಾಗಿಲಲ್ಲಿ ಕುಳಿತರು. ಬಂದದ್ದು ಮಳೆ, ಅದೂ ಒಣಹಾಕಿದ ಸಂಡಿಗೆಯ ಮೇಲೆ! ಮಾಮಾ ಕೂಡಲೇ ಕಸ್ಟಮರ್ ಕೇರ್‌ಗೆ ಫೋನು ಹಚ್ಚಿ, ತಮ್ಮ ಬೀದರ್ ಹಿಂದಿಯಲ್ಲಿ, ನಿಮ್ಮ ಡಿಶ್‌ನಲ್ಲಿ 'ಮ' ಹೋಗಿ 'ಬ' ಬರುತ್ತಿದೆ ಎಂದು ದೂರಿದರು.

ಆ ಕಡೆಯ ಹುಡುಗಿ ಅದನ್ನೊಂದು ಚಾನೆಲ್ ಎಂದುಕೊಂಡು ಬಹಳ ವಿನಯದಿಂದ ಕೇಳಿದಳು: "ಸರ್, 'ಮ' ಕೌನ್‌ಸೇ ನಂಬರ್ ಪೆ ಆತಾ ಹೈ?"

ಅಂದೇ ಎರಡನೆಯ ಡಿಶ್ ಬಂತು. ಅದರಲ್ಲೂ ಮಳೆ ಬಳೆಯೇ. ಕೇಬಲ್ ಬಂತು. ಅಲ್ಲಿ ಪಾಪ, 'ಪಾಟೀಲ' ಎನ್ನುವ ಮನುಷ್ಯ 'ಬಾಟೀಲ' ಆದ. ಕೇಬಲ್ ಜೋಡಿಸಲು ಬಂದವನನ್ನು ಮಾಮಾ ಸುಮ್ಮನೆ ಕಳಿಸುವವರೇ? ಅಂಗಡಿಯಲ್ಲಿ ಬಟ್ಟೆಯ ಎಳೆ ಎಣಿಸಲು ಇಟ್ಟುಕೊಂಡಿದ್ದ ಭೂತಗನ್ನಡಿ ತಂದು ಟಿವಿಯ ಗಾಜಿಗೆ ಆನಿಸಿ ಕಣ್ಣಿಟ್ಟರು. ಐದು ನಿಮಿಷ ಈ ಮೂಲೆಯಿಂದ ಆ ಮೂಲೆಗೆ ಸರಿಸಿ ನೋಡಿದರು. ಆಮೇಲೆ ಸಿಡಿದರು.

"ಇದರಾಗ ಬರೇ ಮೂರೇ ಬಣ್ಣ ಅವಲ್ಲೋ! ಕೆಂಪು, ಹಸರು, ನೀಲಿ! ಸಾವಿರ ಬಣ್ಣ ಅಂತ ಹೇಳಿ ಮೂರು ಬಣ್ಣದ ಮಾಲು ಕೊಡ್ತೀರೇನು? ನೇಯ್ಗಿನೂ ಬಿಗಿ ಇಲ್ಲ. ಇಂಥಾ ಬಟ್ಟಿ ತಾನು ನನ್ನ ಅಂಗಡಿಗಿ ಬಂದಿದ್ರ ಬಾಗಲದಾಗೇ ವಾಪಸ್ ಕಳಸ್ತಿದ್ದೆ!"

ಕನ್ನಡದಲ್ಲಿ ಬೈದದ್ದು ಅವನಿಗೆ ತಿಳಿಯಲಿಲ್ಲ, ಭೂತಗನ್ನಡಿ ಮಾತ್ರ ತಿಳಿಯಿತು. ಏಣಿಯನ್ನು ಅಲ್ಲೇ ಬಿಟ್ಟು ಹೋದವನು ಅದನ್ನು ಒಯ್ಯಲೂ ಬರಲಿಲ್ಲ.

ನಾನಿರುವುದು ನಾಸಿಕದಲ್ಲಿ, ಬ್ಯಾಂಕಿನ ವರ್ಗಾವಣೆಯ ಕೃಪೆ. ದೂರವಿದ್ದೇನೆಂದು ಪಾರಾದೆನೇ? ನಮ್ಮ ಮನೆಯಲ್ಲಿ ಬೇರೆ ಕೇಬಲ್ ಇದೆ ಎಂಬುದು ಮಾಮಾಗೆ ಗೊತ್ತಾಗಿಬಿಟ್ಟಿತು. ದಿನಾ ಸಂಜೆ ವಿಡಿಯೊ ಕಾಲ್. ನಾನು ಫೋನನ್ನು ನಮ್ಮ ಟಿವಿಯ ಮುಂದೆ ಹಿಡಿದು ನಿಲ್ಲಬೇಕು, ಅವರು ಅಲ್ಲಿ ಅದೇ ಚಾನೆಲ್ ಹಚ್ಚಿಕೊಂಡು ಎರಡನ್ನೂ ತೂಗಬೇಕು! ತಂತಿಯಲ್ಲಿ ಬಂದ ಎಚ್‌ಡಿ ಚಿತ್ರವನ್ನು ಅಂಗೈಯಗಲದ ಫೋನಿನಲ್ಲಿ, ಅದೂ ಅರ್ಧಕ್ಕೇ ಜೋತುಬೀಳುವ ನೆಟ್‌ವರ್ಕಿನಲ್ಲಿ ಪರೀಕ್ಷಿಸುವ ವಿದ್ಯೆ ಜಗತ್ತಿನಲ್ಲಿ ಇನ್ನಾರಿಗಿದೆ?

"ನಿಂದು ಭಾಳ ಮಸಕ ಅದ. ಕೈ ಅಲ್ಲಾಡ್ಸಬ್ಯಾಡ."

"ಅದು ಟಿವಿ ಅಲ್ಲರಿ ಮಾಮಾ, ನೀವೀಗ ನೋಡ್ಲತ್ತಿದ್ದು ನನ್ನ ಮುಖ."

"ಹಂಗಾರ ಮುಖ ತೊಳಕೊಂಡು ಬಾ!"

ಒಮ್ಮೆ ಪಿಂಪಳಗಾಂವ್ ಬಸವಂತ್‌ನಲ್ಲಿ ಸಹೋದ್ಯೋಗಿಯೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆ. ಮಾಮಾ ಫೋನಿನಲ್ಲೇ ಗಂಟುಬಿದ್ದರು. "ಅವರ ಮನ್ಯಾಗ ಯಾವ ಡಿಶ್ ಅದ? ತೋರಸು!" ಊಟದ ಪಂಕ್ತಿಯಿಂದ ಎದ್ದು, ಪರರ ಟಿವಿಯ ಮುಂದೆ ಫೋನು ಹಿಡಿದು, "ಹಲ್ಲು ಕಾಣ್ತಾವ್ರಿ, ದವಡಿ ಸ್ವಲ್ಪ ಕಮ್ಮಿ" ಎಂದು ವರದಿ ಒಪ್ಪಿಸಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಅಕ್ಕಪಕ್ಕದ ಏಳೆಂಟು ಜನ! ಕಂಪನಿಯ ಸಾಹೇಬರು ಖುದ್ದು ತಪಾಸಣೆಗೆ ಬಂದಿದ್ದಾರೆಂದು ಸುದ್ದಿಯಾಗಿತ್ತು. "ಸಾಹೇಬ, ಆಮ್ಚಾ ಡಬಾ ಪಣ ಬಘಾ" ಎಂದು, ತಮ್ಮ ಡಬ್ಬಿಯನ್ನೂ ನೋಡಿರೆಂದು, ಒಬ್ಬಾಕೆ ಡಬ್ಬಿಯನ್ನೇ ಸೆರಗಿನಲ್ಲಿ ಸುತ್ತಿ ತಂದಿದ್ದಳು. ಮೂವರ ವೈರು ಬಿಗಿಮಾಡಿ ಕೊಟ್ಟ ಮೇಲೆಯೇ ನನಗೆ ಜಿಲೇಬಿ ಸಿಕ್ಕಿತು.

ಇದಾದ ಕೆಲವು ದಿನಕ್ಕೆ, ಬೆಳಿಗ್ಗೆ ಗಡ್ಡ ಬೋಳಿಸಿಕೊಳ್ಳುತ್ತ ಕನ್ನಡಿಯಲ್ಲಿ ನನ್ನ ಬಾಯಿ ನೋಡಿಕೊಂಡೆ. "ಮಳೆ" ಎಂದೆ. "ಬಳೆ" ಎಂದೆ. ಎರಡಕ್ಕೂ ತುಟಿಗಳು ಒಂದೇ ರೀತಿ ಕೂಡಿ ಒಂದೇ ರೀತಿ ಬಿಟ್ಟವು! ಪ, ಬ, ಮ ಮೂರೂ ತುಟಿಯ ಮೇಲೆ ಅವಳಿ-ಜವಳಿ. ನೊರೆ ಮೆತ್ತಿದ ಮುಖದಲ್ಲೇ ಮಾಮಾಗೆ ಫೋನು ಮಾಡಿದೆ.

"ಮಾಮಾ, ನಾಕನೇ ಡಬ್ಬಿ ಹಾಕ್ಸಬ್ಯಾಡ್ರಿ. ಕನ್ನಡಿ ಮುಂದ ನಿಂತು ಒಮ್ಮೆ ಮಳೆ ಅನ್ರಿ, ಒಮ್ಮೆ ಬಳೆ ಅನ್ರಿ. ಎರಡೂ ಒಂದೇ ಕಾಣ್ತಾವ."

"ಹಂಗಂದ್ರ ತಪ್ಪು ಕಂಪನೀದಲ್ಲ, ದೇವರದೇನು?"

"ಹೌದ್ರಿ."

"ಅವನಿಗಿ ಕಸ್ಟಮರ್ ಕೇರ್ ಇಲ್ಲಲ್ಲೋ!" ಎಂದು ಫೋನಿಟ್ಟರು.

ಆಮೇಲೆ ಒಂದು ವಾರ ವಿಡಿಯೊ ಕಾಲ್ ಇಲ್ಲ. ದಿನಾ ಪೀಡಿಸುವವರು ಸುಮ್ಮನಾದರೆ ಇನ್ನೂ ಕಷ್ಟ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಸಂಭಾಜಿನಗರಕ್ಕೆ ಹೋದೆ. ಬಾಗಿಲು ತೆರೆದವರನ್ನು ನೋಡಿ, ಮನೆ ತಪ್ಪಿತೆಂದು ಹಿಂದೆ ಸರಿದೆ.

ಮಾಮಾನ ಮೀಸೆಯ ವಿಷಯ ನಿಮಗೆ ಹೇಳಲೇ ಇಲ್ಲ ನೋಡಿ! ಬೀದರಿಗೆ ಕೋಟೆ ಹೇಗೋ ಮಾಮಾಗೆ ಮೀಸೆ ಹಾಗೆ. ಮದುವೆಗೂ ಮೊದಲಿನದು. ಮೇಲ್ತುಟಿಯನ್ನು ಪೂರಾ ಮುಚ್ಚಿ ಕೆಳತುಟಿಯ ಮೇಲೂ ಕೈಯಾಡಿಸುತ್ತಿದ್ದಂಥದು. ಅದು ಇಡಿಯಾಗಿ ಮಾಯವಾಗಿತ್ತು. ಆ ಜಾಗ ಮಗುವಿನ ಅಂಗಾಲಿನಂತೆ ಬೆಳ್ಳಗಿತ್ತು.

"ಇದೇನ್ರಿ ಮಾಮಾ!"

"ನೀನೇ ಕನ್ನಡಿ ಮುಂದ ನಿಂದ್ರು ಅಂದಿ. ನಿಂತೆ. ಮಳಿನೂ ಕಾಣ್ಲಿಲ್ಲ, ಬಳಿನೂ ಕಾಣ್ಲಿಲ್ಲ. ಬರೇ ಮೀಸಿ ಕಾಣ್ತು." ದನಿ ತಗ್ಗಿಸಿದರು. ತಗ್ಗಿಸುವ ಅಗತ್ಯವೇನೂ ಇರಲಿಲ್ಲ. "ಎರಡು ವರ್ಷದಿಂದ ನಾ ಏನಂದ್ರೂ ಆಕಿ ಹೂಂ, ಹೂಂ ಅಂತಿದ್ದಳು. ವಯಸ್ಸಾತು, ಶಾಂತ ಆಗ್ಯಾಳ ಅಂತ ನಾ ಖುಷಿಪಟ್ಟೆ. ನನ್ನ ಮಾತು ಒಂದೂ ತಿಳಿದಿದ್ದಿಲ್ಲೋ ಆಕಿಗಿ. ಊರವರ ತುಟಿ ನೋಡ್ಕೋತ ಕೂತೆ ನಾ."

ಮಾಮಿ ಒಳಗಿನಿಂದ ಬಂದು ಎದುರಿಗೆ ಕುಳಿತರು. ಮಾಮಾ ಅವರತ್ತ ತಿರುಗಿ, ದನಿಯಿಲ್ಲದೆ, ಬರೀ ಬಾಯಿ ಆಡಿಸಿ ಏನನ್ನೋ ಕೇಳಿದರು.

"ಊಹೂಂ!" ಎಂದರು ಮಾಮಿ. "ನಾಕನೇ ಡಬ್ಬಿ ಬ್ಯಾಡಂದ್ರ ಬ್ಯಾಡ. ಇದ್ದ ಎರಡೂ ಡಿಶ್ ತಗಸ್ರಿ ಮೊದಲ, ತಾರಸಿ ಮ್ಯಾಲ ಹಪ್ಪಳ ಹಾಕಾಕ ಜಾಗ ಇಲ್ಲ."

"ಕೇಳ್ದೇನು? ಬ್ಯಾಡ ಅಂದಳು!" ಎಂದು ಮಾಮಾ ನನ್ನ ಭುಜ ಹಿಡಿದು ಅಲ್ಲಾಡಿಸಿದರು. ನಗುತ್ತಿದ್ದರು, ಆದರೆ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಲೂ ಇದ್ದರು. ಮಾಮಿ ನಿಲ್ಲಿಸಲಿಲ್ಲ. ಕಿಟಕಿಗೆ ಈ ಹಸಿರು ಪರದೆ ಯಾರನ್ನು ಕೇಳಿ ಹಾಕಿಸಿದಿರಿ, ನನ್ನ ತಂಗಿಯ ಮಗಳ ಮದುವೆಗೆ ಯಾಕೆ ಹೋಗಲಿಲ್ಲ, ಎಂದು ಒಂದಾದ ಮೇಲೊಂದು ಕೇಳತೊಡಗಿದರು. ಮಾಮಾ ಮುಖಕ್ಕೆ ಬೆಳಕು ಬೀಳುವಂತೆ ಕುರ್ಚಿಯನ್ನು ಕಿಟಕಿಯ ಬಳಿ ಎಳೆದುಕೊಂಡು ಕುಳಿತು, ಒಂದೊಂದಕ್ಕೂ ನಿಧಾನವಾಗಿ ಉತ್ತರ ಹೇಳಿದರು.